ಖಳನ ಪೋಷಾಕು: ಜರಿಯಂಗಿಯಿಂದ ಬಿಳಿ ಪಂಚೆಯವರೆಗೆ

ನಮ್ಮ ಜನಪ್ರಿಯ ಸಿನಿಮಾದಲ್ಲಿ ನಾಯಕನಿಗಿಂತ ಖಳನಾಯಕನೇ ಚೆಂದ ಉಟ್ಟುಕೊಂಡು ಮೆರೆದ ಕಾಲ ದೊಡ್ಡದು. ನಾಯಕ ಒಗೆದು ಮಾಸಿದ ಅಂಗಿಯಲ್ಲಿ ತಾಯಿಯ ಕಣ್ಣೀರು ಒರೆಸುತ್ತಿದ್ದಾಗ ಖಳನಿಗೆ ಬಿಳಿ ಸೂಟು, ಬಿಳಿ ಬೂಟು, ಬೆರಳಿಗೊಂದು ಉಂಗುರ, ಇರುಳಲ್ಲೂ ತೆಗೆಯದ ಕಪ್ಪು ಕನ್ನಡಕ. ಸೋಲಬೇಕಾದವನಿಗೆ ಇಷ್ಟೊಂದು ಸಿಂಗಾರ ಯಾಕೆ? ಇದು ಎಲ್ಲಿಂದ ಬಂತು, ಈಚೆಗೆ ಎಲ್ಲಿಗೆ ಹೋಯಿತು?

ಈ ಪ್ರಶ್ನೆಗಳನ್ನು ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ದಟ್ಟ ಕಾಡು, ಗೋವಾದ ಗಡಿ, ಕಾಗದದ ಕಾರ್ಖಾನೆಗೆ ಹತ್ತು ಕಡೆಯಿಂದ ಬಂದು ಸೇರಿದ ಜನ, ಆಫ್ರಿಕಾ ಮೂಲದ ಸಿದ್ದಿಗಳು, ಟಿಬೆಟನ್ ಕ್ಯಾಂಪು, ಕೊಂಕಣಿ ಮಾತಾಡುವ ಕ್ರೈಸ್ತರು, ಇವೆಲ್ಲ ಇಲ್ಲಿ ನಿತ್ಯದ ಬದುಕು. ಸಿನಿಮಾ ತನ್ನ ಖಳನನ್ನು ಸಿಂಗರಿಸಲು ಇಂಥ ಕಡೆಗಳಿಂದಲೇ ಸಾಮಗ್ರಿ ಎತ್ತಿಕೊಂಡಿದೆ. ಖಳನ ಬಟ್ಟೆ ಒಂದು ಕಾಲ ಯಾವುದಕ್ಕೆ ಹೆದರುತ್ತಿತ್ತು, ಯಾವುದನ್ನು ಒಳಗೊಳಗೇ ಬಯಸುತ್ತಿತ್ತು ಎಂಬುದನ್ನು ಹೇಳುತ್ತದೆ. ಆ ಹೆದರಿಕೆಯನ್ನು ಎಷ್ಟೋ ಸಲ ತಪ್ಪು ಜನರ ಮೈಮೇಲೆ ಹೊರಿಸಿದ್ದನ್ನೂ ಅದೇ ಬಟ್ಟೆ ಹೇಳುತ್ತದೆ.

ರಾಕ್ಷಸನ ಕಿರೀಟ

ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲೇ ಉತ್ತರ ಕನ್ನಡ ಖಳನ ವೇಷಕ್ಕೆ ಮನಸೋತಿತ್ತು. ಯಕ್ಷಗಾನದಲ್ಲಿ ನಿದ್ದೆಗಣ್ಣಿನ ಪ್ರೇಕ್ಷಕನನ್ನು ನೆಟ್ಟಗೆ ಕೂರಿಸುವುದು ರಾಕ್ಷಸ ವೇಷದ ಪ್ರವೇಶ. ದೊಡ್ಡ ಕಿರೀಟ, ಗಾಢ ಬಣ್ಣ, ಎತ್ತರದ ಆರ್ಭಟ, ಎಲ್ಲವೂ ಅವನ ಪಾಲಿಗೆ. ಬಡಗುತಿಟ್ಟಿನ ಮಹಾನ್ ಕಲಾವಿದ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ಹೇಳಿದರೆ ಮೊದಲು ನೆನಪಾಗುವುದು ಭಸ್ಮಾಸುರ, ಕೀಚಕ, ದುಷ್ಟಬುದ್ಧಿ. ಜಿಲ್ಲೆಯ ಜನ ತಲೆಯ ಮೇಲೆ ಹೊತ್ತು ಮೆರೆಸಿದ ನಟನ ಹೆಸರಾಂತ ಪಾತ್ರಗಳಲ್ಲಿ ಹಲವು ಕೇಡಿಗಳವೇ. ಇತ್ತ ಹಳಿಯಾಳ, ಮುಂಡಗೋಡದ ಬಯಲುಸೀಮೆಯ ಅಂಚಿಗೆ ಬಂದರೆ ದೊಡ್ಡಾಟ. ಅಲ್ಲಿಯೂ ಭುಜಕೀರ್ತಿ, ಎದೆಹಾರ, ಮಿಂಚುವ ಕಿರೀಟವಿಲ್ಲದೆ ರಕ್ಕಸ ರಂಗ ಹತ್ತುವುದಿಲ್ಲ.

ಈ ಪರಂಪರೆಯಲ್ಲಿ ಆಭರಣ ಕೆಟ್ಟತನದ ಗುರುತಲ್ಲ, ಶಕ್ತಿಯ ಗುರುತು. ರಾವಣ ಸಿರಿವಂತ, ವಿದ್ವಾಂಸ, ಶಿವಭಕ್ತ. ಅವನ ಕೇಡು ಇರುವುದು ಎಲ್ಲೆ ಮೀರಿದ ಹಮ್ಮಿನಲ್ಲಿ. ವೇಷದ ಅಬ್ಬರ ಆ ಹಮ್ಮನ್ನು ಕಣ್ಣಿಗೆ ಕಾಣಿಸುತ್ತದೆ. ನೋಡುವವನಿಗೆ ಭಯವೂ ಗೌರವವೂ ಒಟ್ಟಿಗೇ ಹುಟ್ಟುತ್ತವೆ. ಅದಕ್ಕೇ ಕನ್ನಡದ ಪೌರಾಣಿಕ ಚಿತ್ರಗಳಲ್ಲಿ ದೊಡ್ಡ ನಾಯಕನಟ ರಾಕ್ಷಸನಾಗಲು ಹಿಂಜರಿಯಲಿಲ್ಲ. ರಾಜ್‌ಕುಮಾರ್ ‘ಭೂಕೈಲಾಸ’ದಲ್ಲಿ (1958) ರಾವಣರಾದರು, ‘ಮಹಿಷಾಸುರ ಮರ್ದಿನಿ’ಯಲ್ಲಿ (1959) ಮಹಿಷಾಸುರರಾದರು, ‘ಭಕ್ತ ಪ್ರಹ್ಲಾದ’ದಲ್ಲಿ (1983) ಹಿರಣ್ಯಕಶಿಪುವಾಗಿ ಚಿತ್ರವನ್ನೇ ಆಳಿದರು.

ಕನ್ನಡದ ಹೆಸರಾಂತ ಖಳನಟ ವಜ್ರಮುನಿ ಬಂದದ್ದೂ ಇದೇ ದಾರಿಯಲ್ಲಿ. ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಹೆಸರು ಮಾಡಿದ ಮೇಲೆ ಅವರು ಪುಟ್ಟಣ್ಣ ಕಣಗಾಲರ ಕಣ್ಣಿಗೆ ಬಿದ್ದು ಚಿತ್ರರಂಗಕ್ಕೆ ಬಂದರು. ಪ್ಯಾಂಟು ತೊಡಲಿ, ಧೋತರ ಉಡಲಿ, ಅವರ ಕಣ್ಣು, ಹುಬ್ಬು, ಕಂಠದಲ್ಲಿ ಆ ಕಿರೀಟದ ಭಾರ ಉಳಿದೇ ಇತ್ತು. ‘ನಟಭಯಂಕರ’ ಎಂದು ಜನ ಕೊಟ್ಟ ಬಿರುದು ರಂಗದ ರಾವಣನಿಗೂ ತೆರೆಯ ಖಳನಿಗೂ ಒಟ್ಟಿಗೇ ಸಲ್ಲುತ್ತದೆ.

ಸಾಹುಕಾರನ ಶಲ್ಯ

ಸಾಮಾಜಿಕ ಚಿತ್ರಗಳ ಕಾಲ ಬಂದಾಗ ಕಿರೀಟ ಇಳಿಯಿತು, ಅದರ ಜಾಗಕ್ಕೆ ರುಮಾಲು ಬಂತು. ಗೌಡ, ಜಮೀನ್ದಾರ, ಸಾಹುಕಾರ ಖಳರಾದರು. ಕರೆಧೋತರ, ಕರಿಕೋಟು, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಬೆತ್ತ, ತಿರುವಿದ ಮೀಸೆ. ಈ ವೇಷವನ್ನು ಸಿದ್ಧಮಾಡಿಟ್ಟದ್ದು ಕಂಪನಿ ನಾಟಕ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಉತ್ತರ ಕರ್ನಾಟಕದ ಜಾತ್ರೆಯ ರಂಗಮಂಚಗಳಲ್ಲಿ ಹೆಸರು ಮಾಡಿದ ನಾಟಕ. ಅದು 1974ರಲ್ಲಿ ಸಿನಿಮಾ ಆಯಿತು. ರಾಜ್‌ಕುಮಾರ್ ಎದುರಿಗೆ ವಜ್ರಮುನಿ ಸಾಹುಕಾರ ಸಿದ್ದಪ್ಪನಾಗಿ ನಿಂತರು.

ವರ್ಷವನ್ನು ಗಮನಿಸಬೇಕು. ದೇವರಾಜ ಅರಸರ ಸರಕಾರದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದೂ 1974ರಲ್ಲೇ. ಉಳುವವನಿಗೆ ಹೊಲ ಎಂಬ ಮಾತು ಹಳ್ಳಿ ಹಳ್ಳಿಯಲ್ಲಿ ಅರ್ಜಿ, ವಾದ, ನ್ಯಾಯಮಂಡಳಿಯಾಗಿ ನಡೆಯುತ್ತಿದ್ದ ದಿನಗಳಲ್ಲಿ ಶಲ್ಯದ ಸಾಹುಕಾರ ತೆರೆಯ ಮೇಲೆ ಸೋತ. ಗೇಣಿ ಕೊಟ್ಟು ದಣಿದ ರೈತನಿಗೆ ಆ ಶಲ್ಯ ಬರೀ ಬಟ್ಟೆಯಲ್ಲ. ಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎಂದು ಹೇಳುತ್ತಿದ್ದ ಗುರುತು. ಈ ಘಟ್ಟದಲ್ಲಿ ಖಳನ ಉಡುಪು ಸತ್ಯಕ್ಕೆ ಹತ್ತಿರವಿತ್ತು. ಜನ ದಿನವೂ ಕಂಡ ಅಧಿಕಾರವನ್ನೇ ಅದು ತೊಟ್ಟಿತ್ತು.

ಗಡಿ ದಾಟಿ ಬಂದ ಸೂಟು

ನಗರದ ಖಳನಿಗೆ ಬೇರೆಯದೇ ಬೀರು. ಹಿಂದಿಯಲ್ಲಿ ಕೆ.ಎನ್. ಸಿಂಗ್ ಓವರ್‌ಕೋಟು, ಹ್ಯಾಟು, ಪೈಪಿನಲ್ಲಿ ಸದ್ದಿಲ್ಲದೆ ಹೆದರಿಸಿದರು. ಪ್ರಾಣ್ ಸಿಗರೇಟಿನ ಹೊಗೆಯನ್ನೇ ಆಭರಣ ಮಾಡಿಕೊಂಡರು. ಆಮೇಲೆ ಬಂದವನು ಸ್ಮಗ್ಲರ್. 1968ರ ಚಿನ್ನ ನಿಯಂತ್ರಣ ಕಾಯ್ದೆ, ಆಮದಿನ ಮೇಲಿನ ಬಿಗಿ ಕಟ್ಟುಪಾಡುಗಳಿಂದಾಗಿ ವಿದೇಶಿ ವಾಚು, ಕನ್ನಡಕ, ನೈಲಾನ್ ಬಟ್ಟೆ ಸಾಮಾನ್ಯರ ಕೈಗೆ ಸಿಗದ ಮಾಲಾಗಿದ್ದವು. ಖಳ ಅವನ್ನೆಲ್ಲ ಒಟ್ಟಿಗೆ ತೊಟ್ಟು ಬರುತ್ತಿದ್ದ. ಮುಂಬಯಿಯ ಸ್ಮಗ್ಲರ್ ಹಾಜಿ ಮಸ್ತಾನ್ ನಿಜಜೀವನದಲ್ಲೇ ಬಿಳಿ ಬಟ್ಟೆ, ಬಿಳಿ ಬೂಟಿನ ಮೋಡಿ ಹಾಕಿದ್ದ. ತೆರೆಯ ಮೇಲೆ ಅಜಿತ್ ‘ಜಂಜೀರ್’ (1973), ‘ಕಾಳಿಚರಣ್’ (1976) ಚಿತ್ರಗಳಲ್ಲಿ ಮೆಲುಮಾತಿನ ಸೂಟುಧಾರಿಯಾದರು. ‘ಯಾದೋಂ ಕಿ ಬಾರಾತ್’ (1973) ಚಿತ್ರದಲ್ಲಂತೂ ಕೊಲೆಗಾರನ ಗುರುತು ಸಿಗುವುದೇ ಬೂಟಿನಿಂದ: ಅವನ ಒಂದು ಕಾಲಿನ ಅಳತೆ 8, ಇನ್ನೊಂದರದು 9. ಉಡುಪೇ ಕಥೆಯ ಗಂಟನ್ನು ಬಿಚ್ಚುವ ಇಂಥ ಉದಾಹರಣೆ ಅಪರೂಪ.

ಕನ್ನಡ ಸಿನಿಮಾ ಈ ಲೋಕಕ್ಕೆ ಕಾಲಿಟ್ಟದ್ದು ದೊರೆ–ಭಗವಾನ್ ಜೋಡಿಯ ಜೇಮ್ಸ್ ಬಾಂಡ್ ಮಾದರಿಯ ಚಿತ್ರಗಳಿಂದ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’. ಗೋವಾ ಭಾರತಕ್ಕೆ ಸೇರಿ ಏಳು ವರ್ಷವೂ ತುಂಬಿರಲಿಲ್ಲ. ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಆ ಸೇರ್ಪಡೆಯವರೆಗೆ ಪೋರ್ಚುಗೀಸರ ಗಡಿಗೆ ಅಂಟಿಕೊಂಡ ರೈಲು ನಿಲ್ದಾಣ. ಅಲ್ಲಿ ಸರಕು ತಪಾಸಣೆ, ಸುಂಕ, ಕಾವಲು ಎಲ್ಲವೂ ನಡೆದಿತ್ತು. ಬೆಂಗಳೂರಿನ ಪ್ರೇಕ್ಷಕನಿಗೆ ಗೋವಾ ಎಂದರೆ ಹೆಂಡ, ಕ್ಲಬ್ಬು, ಕಳ್ಳಸಾಗಣೆಯ ಬಣ್ಣದ ಲೋಕ. ಜೊಯಿಡಾದವರಿಗೆ ಅದು ಅಣಮೋಡ ಘಟ್ಟ ಇಳಿದರೆ ಸಿಗುವ ನೆಂಟರ ಊರು, ಕೂಲಿಯ ಊರು. ಒಂದೇ ಗಡಿ ಒಬ್ಬರಿಗೆ ಖಳನ ಅಡ್ಡೆ, ಇನ್ನೊಬ್ಬರಿಗೆ ತವರಿನ ದಾರಿ.

ಸ್ಮಗ್ಲರನ ಬಟ್ಟೆಯಲ್ಲಿ ಪ್ರೇಕ್ಷಕನ ಆಸೆಯೂ ಇತ್ತು ಎಂಬುದಕ್ಕೆ ‘ಅಂತ’ (1981) ಸಾಕ್ಷಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನದ ಈ ಚಿತ್ರದಲ್ಲಿ ಅಂಬರೀಶ್ ಇನ್‌ಸ್ಪೆಕ್ಟರ್ ಸುಶೀಲ್‌ಕುಮಾರನೂ ಹೌದು, ಪಾತಕಿ ಕನ್ವರ್‌ಲಾಲನೂ ಹೌದು. ಪೊಲೀಸನು ಪಾತಕಿಯ ಉಡುಪು, ನಡಿಗೆ, ದನಿಯನ್ನು ಎರವಲು ಪಡೆದು ಅವನ ಕೋಟೆಯೊಳಗೆ ನುಗ್ಗುತ್ತಾನೆ. ಜನ ದಶಕಗಟ್ಟಲೆ ನೆನಪಿಟ್ಟದ್ದು ಕನ್ವರ್‌ಲಾಲನನ್ನು. ನಾಯಕನೇ ಖಳನ ಬಟ್ಟೆ ತೊಟ್ಟಾಗ ಪ್ರೇಕ್ಷಕ ಯಾವ ಅಳುಕೂ ಇಲ್ಲದೆ ಅದನ್ನು ಮೆಚ್ಚಬಹುದಾಗಿತ್ತು. ಮುಂದೆ ಬಂದ ದೊಡ್ಡ ಬದಲಾವಣೆಯ ಬೀಜ ಇಲ್ಲಿದೆ.

ಗಬ್ಬರ್ ಮತ್ತು ಮೊಗಾಂಬೊ

ಹಿಂದಿ ಚಿತ್ರಗಳಲ್ಲಿ ಡಕಾಯಿತನಿಗೆ ಧೋತರ, ಹಣೆಗೆ ಕುಂಕುಮ ಎಂಬ ಕಟ್ಟಳೆ ಇತ್ತು. ಅದನ್ನು ಮುರಿದದ್ದು ‘ಶೋಲೆ’ (1975), ಅದೂ ನಮ್ಮ ರಾಮನಗರದ ಬಂಡೆಗಳ ನಡುವೆ. ಅಮ್ಜದ್ ಖಾನ್ ತೊಟ್ಟ ಮಾಸಿದ ಮಿಲಿಟರಿ ಬಟ್ಟೆಯನ್ನು ಮುಂಬಯಿಯ ಚೋರ್ ಬಜಾರಿನಿಂದ ತಂದದ್ದು. ಸ್ನಾನ ಕಾಣದ ಮೈ, ಕಪ್ಪುಗಟ್ಟಿದ ಹಲ್ಲು, ಕೈಯಲ್ಲಿ ಎಳೆದಾಡುವ ಬೆಲ್ಟು, ಇಷ್ಟರಲ್ಲೇ ಗಬ್ಬರ್‌ಸಿಂಗ್ ದೇಶವನ್ನು ನಡುಗಿಸಿದ. ಆಡಂಬರಕ್ಕೆ ದುಡ್ಡೇ ಬೇಕಿಲ್ಲ, ಕೊಳೆಯನ್ನೂ ವೈಭವದಿಂದ ತೊಡಬಹುದು ಎಂದು ಆ ಪಾತ್ರ ತೋರಿಸಿತು.

‘ಶೋಲೆ’ಯ ನಿರ್ದೇಶಕ ರಮೇಶ್ ಸಿಪ್ಪಿ ಐದು ವರ್ಷದ ನಂತರ ‘ಶಾನ್’ (1980) ಚಿತ್ರದಲ್ಲಿ ಎದುರು ದಿಕ್ಕಿಗೆ ಹೋದರು. ಕುಲಭೂಷಣ್ ಖರಬಂದಾ ಬೋಳುತಲೆಯ ಶಾಕಾಲನಾಗಿ, ದ್ವೀಪದ ಅಡ್ಡೆಯಲ್ಲಿ, ಮೊಸಳೆಯ ಕೊಳದ ಪಕ್ಕ ಕೂತರು. ಬಾಂಡ್ ಚಿತ್ರಗಳ ಖಳನ ನೇರ ನೆರಳು ಅದು. ಈ ದಾರಿಯ ತುತ್ತತುದಿ ‘ಮಿಸ್ಟರ್ ಇಂಡಿಯಾ’ದ (1987) ಮೊಗಾಂಬೊ. ಹೊಂಗೂದಲ ಟೋಪನ್, ಚಿನ್ನದ ಕಸೂತಿಯ ಸೇನಾಧಿಪತಿಯ ಕೋಟು. ಯಾವ ದೇಶದ ದಂಡನಾಯಕ, ಯಾವ ಶತಮಾನದವನು ಎಂದು ಹೇಳಲಾಗದು. ಈ ಉಡುಪನ್ನು ಹೊಲಿದವರು ಮುಂಬಯಿಯ ದರ್ಜಿ ಮಾಧವ ಅಗಸ್ತಿ. ಖಳನ ಕೀರ್ತಿಯಲ್ಲಿ ಅರ್ಧ ಪಾಲು ಇಂಥ ದರ್ಜಿಗಳದು, ಟೋಪನ್ ಕಟ್ಟುವವರದು, ಬಣ್ಣ ಹಚ್ಚುವವರದು. ಟೈಟಲ್ ಕಾರ್ಡಿನಲ್ಲಿ ವಸ್ತ್ರಾಲಂಕಾರ ಎಂಬ ಒಂದು ಸಾಲು ಮಿಂಚಿ ಮರೆಯಾಗುತ್ತದೆ, ಅಷ್ಟೇ. ಅವರ ಕೈಕೆಲಸವನ್ನು ಸಂಗ್ರಹಿಸಿ ಕಾಪಾಡುವ ವ್ಯವಸ್ಥೆ ಕನ್ನಡ ಚಿತ್ರರಂಗಕ್ಕೆ ತುರ್ತಾಗಿ ಬೇಕು.

ಮೊಗಾಂಬೊ ಆದ ಅಮರೀಶ್ ಪುರಿಗೆ ಹದಿನಾಲ್ಕು ವರ್ಷ ಮೊದಲು ಕನ್ನಡದಲ್ಲಿ ಒಂದು ಜನ್ಮವಿತ್ತು. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರದಲ್ಲಿ ಅವರು ಚಂದ್ರೇಗೌಡ. ಟೋಪನ್ ಇಲ್ಲ, ಕಸೂತಿ ಇಲ್ಲ. ಹಳ್ಳಿಯ ಗೌಡನ ಮಾಮೂಲು ಉಡುಗೆಯಲ್ಲಿ, ಕಡಿಮೆ ಮಾತಿನಲ್ಲಿ ಆ ಮನುಷ್ಯ ಹುಟ್ಟಿಸುವ ಭಯ ಮೊಗಾಂಬೊ ಹುಟ್ಟಿಸುವುದಿಲ್ಲ. ಮೊಗಾಂಬೊನನ್ನು ಮಕ್ಕಳು ಅನುಕರಿಸಿ ನಕ್ಕರು. ಚಂದ್ರೇಗೌಡನನ್ನು ಯಾರೂ ಅನುಕರಿಸಲಿಲ್ಲ. ಅಬ್ಬರದ ವೇಷ ಹೆದರಿಸುವುದಕ್ಕಿಂತ ಹೆಚ್ಚಾಗಿ ಸಮಾಧಾನ ಕೊಡುತ್ತದೆ. ಕೇಡು ಇಷ್ಟು ದೂರದಿಂದಲೇ ಗುರುತು ಸಿಗುವಂತಿದ್ದರೆ ನಾವೆಲ್ಲ ಸುರಕ್ಷಿತ ಎಂಬ ಸಮಾಧಾನ ಅದು.

ಯಾರ ಮೈ, ಯಾರ ವೇಷ

ಇಲ್ಲಿಂದ ಮುಂದಿನ ಮಾತು ನಮ್ಮ ಊರುಗಳಿಗೆ ನೇರವಾಗಿ ತಾಗುತ್ತದೆ. ಖಳನ ಅಡ್ಡೆಯಲ್ಲಿ ಬಟ್ಟೆಯಷ್ಟೇ ಅಲ್ಲ, ಮನುಷ್ಯರ ಮೈಯನ್ನೂ ಅಲಂಕಾರಕ್ಕೆ ಬಳಸಿದರು. ರಾಬರ್ಟ್, ಮೈಕೆಲ್, ಪೀಟರ್ ಎಂಬ ಹೆಸರಿನ ಪಟ್ಟೆ ಬನಿಯನ್ನಿನ ಬಂಟರು. ಫ್ರಾಕು ತೊಟ್ಟ, ಕೈಯಲ್ಲಿ ಗ್ಲಾಸು ಹಿಡಿದ ಹುಡುಗಿಯರು. ಆಸ್ಟ್ರೇಲಿಯಾದಿಂದ ಬಂದು, ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದು 2011ರಲ್ಲಿ ತೀರಿಕೊಂಡ ಬಾಬ್ ಕ್ರಿಸ್ಟೊ ಚಿತ್ರದಿಂದ ಚಿತ್ರಕ್ಕೆ ಹೊಡೆತ ತಿನ್ನುವ ಬಿಳಿ ದಾಂಡಿಗನಾದರು. ಸಿಕ್ಕಿಮಿನ ಡ್ಯಾನಿ ಡೆಂಜೊಂಗ್ಪಾ ‘ಅಗ್ನಿಪಥ್’ (1990) ಚಿತ್ರದಲ್ಲಿ ಬಿಳಿ ಸೂಟಿನ ಕಾಂಚಾ ಚೀನಾ ಆದರು. ನಟನೆ ಅಪ್ಪಟ, ಸೊಗಸು ಅಪ್ಪಟ. ಪಾತ್ರದ ಹೆಸರಿಗೆ ಮಾತ್ರ ಮುಖ ನೋಡಿ ಒಂದು ದೇಶವನ್ನು ಅಂಟಿಸಿಬಿಟ್ಟರು.

ಈಗ ನಮ್ಮ ಸುತ್ತ ನೋಡೋಣ. ಮುಂಡಗೋಡದ ಟಿಬೆಟನ್ ನೆಲೆ ಶುರುವಾದದ್ದು 1966ರಲ್ಲಿ. ಕಾಡಂಚಿನ ನೆಲದಲ್ಲಿ ಮೆಕ್ಕೆಜೋಳ ಬೆಳೆದು, ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಿ, ದೊಡ್ಡ ಮಠಗಳನ್ನು ಕಟ್ಟಿದ ಜನ ಅವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾದ ಸಿದ್ದಿಗಳು ತಲೆಮಾರುಗಳಿಂದ ಈ ನೆಲದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಅವರಿಗೆ ಸಿಕ್ಕಿದ್ದು 2003ರಲ್ಲಿ. ಕಪ್ಪು ಮೈ, ಗುಂಗುರು ಕೂದಲನ್ನು ಸಿನಿಮಾ ‘ಕಾಡುಜನ’ರ ಕುಣಿತಕ್ಕೋ ಖಳನ ಕಾವಲಿಗೋ ನಿಲ್ಲಿಸಿದಾಗ ಗಾಯವಾಗುವುದು ಇಲ್ಲಿಯ ಶಾಲೆಗೆ ಹೋಗುವ ಮಗುವಿಗೆ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ‘ಪರಮಾತ್ಮ’ದಿಂದ (2011) ಈಚೆಗೆ ಹೆಸರುಳ್ಳ ಪಾತ್ರಗಳಲ್ಲಿ ಕಾಣಿಸಿಕೊಂಡದ್ದು ಈ ಕಾರಣಕ್ಕೆ ದೊಡ್ಡ ಸಂಗತಿ. ಆದರೂ ಒಬ್ಬ ಸಿದ್ದಿ ನಟ ವೈದ್ಯನಾಗಿ, ಮೇಷ್ಟರಾಗಿ, ಪ್ರೇಮಿಯಾಗಿ ಸಹಜವಾಗಿ ತೆರೆಗೆ ಬರುವ ದಿನ ಇನ್ನೂ ದೂರವಿದೆ.

ಹೆಣ್ಣಿನ ವಿಷಯದಲ್ಲಿ ಅನ್ಯಾಯ ಇನ್ನೂ ನೇರ. ‘ಶ್ರೀ 420’ (1955) ಚಿತ್ರದ ನಾದಿರಾಳ ಉದ್ದನೆಯ ಸಿಗರೇಟು ಕೊಳವೆಯಿಂದ ಹೆಲೆನ್‌ಳ ಗರಿಗಳವರೆಗೆ, ಕನ್ನಡದಲ್ಲಿ ಹಲಂ, ಜ್ಯೋತಿಲಕ್ಷ್ಮಿ, ಜಯಮಾಲಿನಿಯರ ಕ್ಲಬ್ ನೃತ್ಯಗಳವರೆಗೆ, ಮೈಗೊಪ್ಪುವ ಬಟ್ಟೆ ತೊಟ್ಟವಳು ಕೆಟ್ಟವಳು ಎಂಬ ಲೆಕ್ಕ ನಡೆದುಬಂತು. ಅವರ ಕುಣಿತಕ್ಕೆ ಸೀಟಿ ಹೊಡೆದ ಗಂಡಸರೇ ಮನೆಯ ಹೆಣ್ಣುಮಕ್ಕಳ ಉಡುಪನ್ನು ಅಳೆಯಲು ಅದೇ ಲೆಕ್ಕ ಬಳಸಿದರು.

ರೌಡಿಯ ಅಂಗಿ, ನಾಯಕನ ಕೋಟು

1990ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಯಿತು, ಮರುವರ್ಷ ಆರ್ಥಿಕ ಉದಾರೀಕರಣ ಬಂತು. ಸ್ಮಗ್ಲರ್ ತರುತ್ತಿದ್ದ ಮಾಲು ಹುಬ್ಬಳ್ಳಿಯ ಅಂಗಡಿಯಲ್ಲೇ ಸಿಗತೊಡಗಿತು. ಖಳನ ಸೂಟಿನ ಮಾಯೆ ಕರಗಲು ಇದು ಮುಖ್ಯ ಕಾರಣ. ಕನ್ನಡದಲ್ಲಿ ಇನ್ನೊಂದು ಪೆಟ್ಟು ಕೊಟ್ಟದ್ದು ಉಪೇಂದ್ರ ನಿರ್ದೇಶನದ ‘ಓಂ’ (1995). ಬೆಂಗಳೂರಿನ ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡರು. ರಸ್ತೆಯಲ್ಲಿ ಯಾರೂ ತಿರುಗಿ ನೋಡದಂಥ ಅಂಗಿ ತೊಟ್ಟವನ ಬೆನ್ನಲ್ಲಿ ಲಾಂಗು ಇರುತ್ತದೆ ಎಂದು ಗೊತ್ತಾದ ಮೇಲೆ ಜರಿಕೋಟಿನ ಖಳ ಹಳಬನಾದ. ‘ಗರುಡ ಗಮನ ವೃಷಭ ವಾಹನ’ (2021) ಈ ದಾರಿಯನ್ನು ಕರಾವಳಿಗೆ ಒಯ್ದಿತು. ರಾಜ್ ಬಿ. ಶೆಟ್ಟರ ಶಿವ ಬರಿಯ ಅಂಗಿ, ಚಡ್ಡಿಯಲ್ಲಿ ಹುಡುಗರೊಂದಿಗೆ ಕ್ರಿಕೆಟ್ ಆಡುತ್ತಾ ರಕ್ತ ಹರಿಸುತ್ತಾನೆ.

ಹಾಗೆಂದು ಸಿಂಗಾರ ಮಾಯವಾಗಲಿಲ್ಲ, ಮೈ ಬದಲಿಸಿತು. ‘ಮಫ್ತಿ’ಯ (2017) ಭೈರತಿ ರಣಗಲ್ ಕಪ್ಪು ಅಂಗಿ, ಕಪ್ಪು ಪಂಚೆಯಲ್ಲಿ ಬಂದ. ಶಿವರಾಜ್‌ಕುಮಾರ್ ತೊಟ್ಟ ಆ ಉಡುಪನ್ನು ಅಭಿಮಾನಿಗಳೂ ತೊಟ್ಟರು. ‘ಟಗರು’ (2018) ಚಿತ್ರದ ಡಾಲಿಯ ಖದರು ಎಷ್ಟು ಹಿಡಿಸಿತೆಂದರೆ ಪಾತ್ರದ ಹೆಸರೇ ಧನಂಜಯ ಅವರ ಹೆಸರಿಗೆ ಅಂಟಿತು. ‘ಕೆಜಿಎಫ್’ (2018, 2022) ಬಂದ ಮೇಲೆ ಅದಲುಬದಲು ಪೂರ್ತಿಯಾಯಿತು. ಸೂಟು, ಗಡ್ಡ, ಕಪ್ಪು ಕನ್ನಡಕ, ಚಿನ್ನದ ಮೋಹ ಎಲ್ಲ ನಾಯಕ ರಾಕಿಯ ಪಾಲಾದವು. ಅಜಿತ್ ಕಾಲದಲ್ಲಿ ಇವಿಷ್ಟೂ ಖಳನ ಆಸ್ತಿ. ನಾಯಕನೇ ಅದನ್ನು ಕಸಿದುಕೊಂಡಾಗ ಎದುರಾಳಿಗೆ ಬೇರೆ ವೇಷ ಹುಡುಕಬೇಕಾಯಿತು. ಸಂಜಯ್ ದತ್‌ರ ಅಧೀರ ಹೆಣೆದ ಕೂದಲು, ಕವಚ, ಕತ್ತಿಯೊಂದಿಗೆ ಬಂದ. ವೈಕಿಂಗರ ಕ್ರೌರ್ಯ ಪ್ರೇರಣೆ ಎಂದು ಚಿತ್ರತಂಡವೇ ಹೇಳಿತ್ತು. ಸುತ್ತಿ ಸುತ್ತಿ ನಾವು ದೊಡ್ಡಾಟದ ರಕ್ಕಸನ ಎದೆಕವಚಕ್ಕೇ ಮರಳಿದ್ದೇವೆ. ರಾವಣನಿಗಿದ್ದ ವಿದ್ಯೆ, ಭಕ್ತಿ ಮಾತ್ರ ಇವನಿಗಿಲ್ಲ.

ಹಲವು ಭಾಷೆಗಳಲ್ಲಿ ಒಟ್ಟಿಗೆ ಬಿಡುಗಡೆಯಾಗುವ ಚಿತ್ರಗಳಿಗೆ ಇಂಥ ವೇಷ ಬೇಕೇ ಬೇಕು. ಖಳನಟ ಹಿಂದೆಯೂ ಭಾಷೆಯ ಗಡಿ ದಾಟಿದವನೇ. ಬೆಳಗಾವಿಯ ಚರಣ್‌ರಾಜ್ ತೆಲುಗಿನ ‘ಪ್ರತಿಘಟನ’ದಲ್ಲಿ (1985) ಭಯ ಹುಟ್ಟಿಸಿದರು, ಸುದೀಪ್ ‘ಈಗ’ (2012) ಚಿತ್ರದಲ್ಲಿ ಇಸ್ತ್ರಿ ಕೆಡದ ಸೂಟಿನ ಸಿರಿವಂತನಾಗಿ ಒಂದು ನೊಣದ ಎದುರು ಸೋತರು. ದನಿ ಬೇರೆಯವರದಾದಾಗ ನಟನ ಪಾಲಿಗೆ ಉಳಿಯುವುದು ಕಣ್ಣು, ಮೈ, ಬಟ್ಟೆ.

ಬಿಳಿ ಪಂಚೆಯ ಭಯ

ಇಷ್ಟೆಲ್ಲ ವೇಷಗಳ ನಡುವೆ ನನಗೆ ಅತ್ಯಂತ ಸತ್ಯವೆನಿಸುವವರು ವೇಷವೇ ಇಲ್ಲದ ಖಳರು. ಶಂಕರ್‌ನಾಗ್ ನಿರ್ದೇಶನದ ‘ಆಕ್ಸಿಡೆಂಟ್’ (1985) ಚಿತ್ರದಲ್ಲಿ ಅನಂತ್‌ನಾಗ್ ಮಾಡಿದ ರಾಜಕಾರಣಿ ಧರ್ಮಾಧಿಕಾರಿ ನಾವು ದಿನವೂ ಕೈ ಮುಗಿಯುವ ದೊಡ್ಡ ಮನುಷ್ಯನಂತೆಯೇ ಇದ್ದಾನೆ. ‘ಕಾಂತಾರ’ದ (2022) ಧಣಿ ದೇವೇಂದ್ರನನ್ನು ಅಚ್ಯುತ್‌ಕುಮಾರ್ ಎಷ್ಟು ಮೆದುವಾಗಿ ಕಟ್ಟಿದರೆಂದರೆ ಅವನ ಪಂಚೆಯಲ್ಲಾಗಲಿ ನಗೆಯಲ್ಲಾಗಲಿ ಕೇಡಿನ ಸುಳಿವಿಲ್ಲ. ಕಾಡಿನ ಅಂಚಿನ ಜನರ ಭೂಮಿ ಅವನ ಕೈಗೆ ಜಾರುವುದು ಕಾಗದಪತ್ರದಲ್ಲಿ.

ದಾಂಡೇಲಿ, ಜೊಯಿಡಾದ ಕಾಳಿ ನದಿಯ ದಂಡೆಯವರಿಗೆ ಇದು ಕಟ್ಟುಕತೆಯಲ್ಲ. ‘ಗಂಧದ ಗುಡಿ’ (1973) ಕಾಡು ಉಳಿಸುವ ಅರಣ್ಯಾಧಿಕಾರಿಯನ್ನು ನಾಯಕನನ್ನಾಗಿ ಮಾಡಿ ದೊಡ್ಡ ಕೆಲಸ ಮಾಡಿತು. ಆ ಬಳಿಕ ಕಾಡು ಎಂದರೆ ದಪ್ಪ ಮೀಸೆ, ಬಂದೂಕು, ಗುಂಡಿನ ಪಟ್ಟಿ ಎಂಬ ಚಿತ್ರ ಬೇರೂರಿತು. ಕಾಡುಗಳ್ಳ ವೀರಪ್ಪನ್ ಅದಕ್ಕೆ ನಿಜದ ಮುಖ ಕೊಟ್ಟ. ಆದರೆ ಇಲ್ಲಿಯ ಬದುಕನ್ನು ಬುಡಸಹಿತ ಬದಲಿಸಿದ್ದು ಮೀಸೆ ತಿರುವಿದ ಒಬ್ಬ ಕಳ್ಳನಲ್ಲ. ಜಲಾಶಯಕ್ಕಾಗಿ ಸೂಪಾ ಊರೇ ಮುಳುಗಿತು. ಗಣಿ, ಬಿದಿರು ಕಡಿತ, ರಸ್ತೆ, ಸ್ಥಳಾಂತರ ಎಲ್ಲವೂ ನಕ್ಷೆ, ಕಡತ, ಸಹಿಗಳ ಮೂಲಕ ನಡೆದವು. ಆ ತೀರ್ಮಾನಗಳಲ್ಲಿ ಕೆಲವು ನಾಡಿಗೆ ಬೆಳಕು ಕೊಟ್ಟವು, ಎಷ್ಟೋ ಮನೆಗಳನ್ನು ಕತ್ತಲಲ್ಲಿ ಬಿಟ್ಟವು. ಅವಕ್ಕೆ ಜರಿಯಂಗಿ ಇರಲಿಲ್ಲ. ಸೀಟಿ ಹೊಡೆಯುವಂಥ ಪ್ರವೇಶವೂ ಇರಲಿಲ್ಲ.

ಖಳನ ಅಬ್ಬರದ ಉಡುಪು ಬೇಡ ಎಂದು ನಾನು ಹೇಳಲಾರೆ. ಅದು ನಮ್ಮ ರಂಗಭೂಮಿಯ ಸಿರಿ, ದರ್ಜಿಯ ಕಲೆ, ನಟನ ಹಬ್ಬ. ಮುಂದಿನ ಚಿತ್ರಕಾರರಲ್ಲಿ ಕೇಳುವುದು ಎರಡು. ಮೊದಲನೆಯದು, ವೇಷ ಬೇಕಾದರೆ ಯಕ್ಷಗಾನ, ದೊಡ್ಡಾಟಗಳಂತೆ ಹಮ್ಮಿಗೆ ತೊಡಿಸಿ, ಯಾರದೋ ಚರ್ಮಕ್ಕೆ, ಕಣ್ಣಿಗೆ, ಕೊರಳ ಶಿಲುಬೆಗೆ, ಫ್ರಾಕಿಗೆ ಕೇಡನ್ನು ಅಂಟಿಸಬೇಡಿ. ಎರಡನೆಯದು, ಸಾಮಾನ್ಯ ಉಡುಪಿನ ಕೇಡನ್ನು ತೋರಿಸುವ ಧೈರ್ಯ ಇನ್ನಷ್ಟು ಬೆಳೆಸಿಕೊಳ್ಳಿ. ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವುದನ್ನು ಸಿನಿಮಾ ಮೂರು ತಲೆಮಾರಿಗೆ ಕಲಿಸಿದೆ. ಅದನ್ನು ಮರೆಸುವ ಕೆಲಸವನ್ನೂ ಸಿನಿಮಾವೇ ಮಾಡಬೇಕು, ಮಾಡಬಲ್ಲದು.